ಹೆಸರು ಅಳಸೂಕಿಂತ ಮೊದಲ ಒಂದು ಮಾತು ಕೇಳ್ರಿ

ಈ ಸಲ ಅಡಗಿ ಸುದ್ದಿ ಅಲ್ಲ, ಉಪ್ಪಿನಕಾಯಿ ಸುದ್ದಿನೂ ಅಲ್ಲ. ಲೆಕ್ಕದ ಸುದ್ದಿ. ಲೆಕ್ಕ ಅಂದ ಕೂಡ್ಲೆ ಓದೂದು ಬಿಡಬ್ಯಾಡ್ರಿ, ಯಾಕಂದ್ರ ಇದು ನಿಮ್ಮ ಹೆಸರಿನ ಸುದ್ದಿನೂ ಹೌದು. ಈಗ ಭಿಶಿ ಇರ್ಲಿ, ಭಜನಾ ಮಂಡಳ ಇರ್ಲಿ, ಮನಿತನದ ಕೂಟ ಇರ್ಲಿ, ಎಲ್ಲಾರ ಹೆಸರೂ ಕಂಪ್ಯೂಟರಿನ ಶೀಟಿನಾಗ ಹೋಗಿ ಕೂತಾವ. ಅದರಾಗ ಒಂದ ಹೆಸರು ನಾಲ್ಕು ಸಲ ಬಂದಿರ್ತದ. ಆವಾಗ ಯಾರರ ಹುಡುಗರು ಬಂದು "ಕಾಕು, ಡೂಪ್ಲಿಕೇಟ್ ತಗದ್ರಾತು, ಒಂದ ನಿಮಿಷದ ಕೆಲಸ" ಅಂತಾರ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಅದು ಒಂದ ನಿಮಿಷದ ಕೆಲಸ ಅಲ್ಲ. ಗುಂಡಿ ಒತ್ತೂದು ಅರ್ಧ ಕೆಲಸ. ಉಳಿದ ಅರ್ಧ ಬಾಯಿಬಿಟ್ಟು ಕೇಳಿ ಮಾಡೂದು. ಆ ಅರ್ಧ ಬಿಟ್ರ ಯಾರೋ ಒಬ್ಬಾಕಿ ಪಟ್ಟಿಯಿಂದ ಹೊರಗ ಬೀಳ್ತಾಳ, ಮತ್ತ ಆಕಿಗೆ ಅದು ಗೊತ್ತೂ ಆಗೂದಿಲ್ಲ.

ಈ ಮಾತು ಯಾಕ ಬಂತಂದ್ರ, ನಮ್ಮ ಓಣಿ ಹೆಣ್ಣಮಕ್ಕಳ ಭಾಂಡೆ ಫಂಡಿನ ಸಲುವಾಗಿ. ಭಾಳ ವರ್ಷದಿಂದ ಪ್ರತಿ ಶ್ರಾವಣಕ್ಕ ಕೈಲಾದಷ್ಟು ರೊಕ್ಕ ಹಾಕಿ ದೊಡ್ಡ ಹಂಡೆ, ಪಾತೇಲಿ, ಪರಾತ, ಸೌಟು ಅಂತ ಕೊಂಡಿದ್ವಿ. ಯಾರ ಮನ್ಯಾಗ ಮುಂಜಿವಿ, ಕುಪ್ಪಸ, ಸತ್ಯನಾರಾಯಣ ಇದ್ರೂ ಒಯ್ತಿದ್ರು. ಈಗ ಎಲ್ಲಾರೂ ಕೇಟರಿಂಗಿನವರಿಗೆ ಹೇಳ್ತಾರ, ಹಂಡೆ ಯಾರಿಗೂ ಬ್ಯಾಡ. ಭಾಂಡೆ ದೇವರ ಗುಡಿಗೆ ಕೊಟ್ವಿ. ಬ್ಯಾಂಕಿನಾಗ ಉಳಿದ ರೊಕ್ಕ ಹಾಕಿದವರಿಗೆ ಹೊಳ್ಳಿ ಕೊಡೂದು ಅಂತ ಠರಾವಾತು. ಹಾಕಿದವರು ಯಾರ್ಯಾರು? ಅಲ್ಲಿಂದ ಶುರು ಆತು ನೋಡ್ರಿ.

ಲೆಕ್ಕದ ವಹಿ ಒಬ್ಬರ ಕೈಯಾಗ ಇರಲಿಲ್ಲ. ವರ್ಷಕ್ಕೊಬ್ಬರು ಬರದಾರ, ಅವರವರಿಗೆ ತಿಳದಂಗ ಬರದಾರ. ಒಂದು ವರ್ಷ "ಸೌ. ಶಾಂತಾಬಾಯಿ ಪಾಟೀಲ". ಮರುವರ್ಷ "ಶಾಂತಾ ಪಾಟೀಲ". ಇನ್ನೊಂದು ವರ್ಷ "ಪಾಟೀಲ ವೈನಿ". ಮತ್ತೊಂದರಾಗ "ಮೂಲಿಮನಿ ಶಾಂತಕ್ಕ". ಒಂದ ಖಾನ್ಯಾಗ "ಜೋಶಿ ಕಾಕು ಮತ್ತು ಸೊಸಿ, 200", ಅದರ ಕೆಳಗ "ನೀಲವ್ವ + ಬಸಮ್ಮ + ನೂರಜಹಾನ, 150". ಇನ್ನೊಂದು ಕಡೆ ಬರೇ "ಡಾಕ್ಟರ ಮನಿಯವರು". ಇದೆಲ್ಲಾ ಹಂಗ ಹಂಗ ಶೀಟಿಗೆ ಹೊಡದು ಇಟ್ಟಾರ. ಮುನ್ನೂರ ಚಿಲ್ಲರ ಸಾಲು. ಇದರಾಗಿಂದ ಒಬ್ಬೊಬ್ಬರದು ಒಂದೊಂದ ಸಲ ಬರೂ ಹಂಗ ಹೆಸರು ಆರಿಸಿ ತಗೀಬೇಕು.

ಇದು ಅಕ್ಕಿ ಹಸನ ಮಾಡಿದಂಗ ಅದ. ಮೊದಲ ಸಾಣಗಿ ಹಿಡೀತೀವಿ, ನುಚ್ಚು ಉದುರ್ತದ. ಆಮ್ಯಾಲೆ ಮರದಾಗ ಹಾಕಿ ಕೇರ್ತೀವಿ, ಹೊಟ್ಟು ಹಾರ್ತದ. ಕಡೀಕ ಬೆಳಕಿನಾಗ ಕೂತು ಕಣ್ಣಿಲೆ ಹಳ್ಳು ಆರಿಸ್ತೀವಿ. ಅಕ್ಕಿಕಾಳಿನಷ್ಟ ಇರೂ ಬಿಳಿ ಹಳ್ಳನ್ನ ಸಾಣಗಿ ಹಿಡ್ಯೂದಿಲ್ಲ. ಶೀಟಿನಾಗೂ ಹಿಂಗ ಮೂರು ಪಾಳಿ ಕೆಲಸ ಅದ. ಮೊದಲಿನ ಎರಡು ಪಾಳಿಗೆ ಕಂಪ್ಯೂಟರ್ ಭಾಳ ಚೊಲೊ ಹಾಳು. ಮೂರನೇದಕ್ಕ ಅದು ಉಪಯೋಗ ಇಲ್ಲ.

ಮೊದಲ ಸಾಣಗಿ ಪಾಳಿ ಹೇಳ್ತೀನಿ. ನಮ್ಮ ಸೊಸಿ ಕಲಿಸ್ಯಾಳ, ನಿಮಗೂ ಬರ್ತದ. ಮೂಲ ಶೀಟಿಗೆ ಕೈ ಹಚ್ಚಬ್ಯಾಡ್ರಿ. ಅದರ ನಕಲು ಮಾಡ್ಕೊಂಡು ನಕಲಿನಾಗ ಕೆಲಸ ಮಾಡ್ರಿ. ವಹ್ಯಾಗ ಹೆಂಗ ಬರದಾರೋ ಆ ಕಾಲಮ್ ಹಂಗ ಇರ್ಲಿ, ಬಾಜೂಕ ಹೊಸಾ ಕಾಲಮ್ ಮಾಡ್ಕೊಳ್ರಿ. ಒಂದ ಖಾನ್ಯಾಗ ಎರಡ್ಮೂರು ಹೆಸರು ಇದ್ದಲ್ಲಿ ಅವನ್ನ ಬಿಡಿಸಬೇಕು. ಒಬ್ಬರು ಅಲ್ಪವಿರಾಮ ಹಾಕಿರ್ತಾರ, ಒಬ್ಬರು ಕೂಡೂ ಚಿಹ್ನೆ ಹಾಕಿರ್ತಾರ, ಒಬ್ಬರು "ಮತ್ತು" ಅಂತ ಬರದಿರ್ತಾರ. ಫೈಂಡ್ ಅಂಡ್ ರಿಪ್ಲೇಸಿನಾಗ ಇವೆಲ್ಲಾನೂ ಒಂದ ಅಲ್ಪವಿರಾಮಕ್ಕ ಬದಲಿ ಮಾಡಿ, ಆಮ್ಯಾಲೆ ಡೇಟಾ ಮೆನುವಿನಾಗ "ಟೆಕ್ಸ್ಟ್ ಟು ಕಾಲಮ್ಸ್" ಒತ್ತಿದ್ರ ಒಂದೊಂದು ಹೆಸರು ಒಂದೊಂದು ಖಾನೆಗೆ ಹೋಗ್ತದ. ಗೂಗಲ್ ಶೀಟ್ಸ್‌ನಾಗ ಇದಕ್ಕ "ಸ್ಪ್ಲಿಟ್ ಟೆಕ್ಸ್ಟ್ ಟು ಕಾಲಮ್ಸ್" ಅಂತಾರ. ಒಡದ ಹೆಸರು ಬಂದು ಬೀಳೂ ಖಾನೆಗಳು ಖಾಲಿ ಇರಬೇಕು, ಇಲ್ಲಾಂದ್ರ ಅಲ್ಲಿದ್ದ ರೊಕ್ಕದ ಅಂಕಿ ಮ್ಯಾಲೆನ ಹೆಸರು ಬಂದು ಕೂಡ್ತದ.

ಎರಡನೇದು, ಜಾಗಾ. "ಶಾಂತಾ ಪಾಟೀಲ" ಅಂತ ಬರದು ಕಡೀಕ ಒಂದು ಜಾಗಾ ಬಿಟ್ಟಿದ್ರ ನಮ್ಮ ಕಣ್ಣಿಗೆ ಕಾಣೂದಿಲ್ಲ, ಆದ್ರ ಕಂಪ್ಯೂಟರಿಗೆ ಆಕಿ ಬ್ಯಾರೆ ಶಾಂತಾ. ಇದಕ್ಕ "ಟ್ರಿಮ್" ಅನ್ನೋ ಸೂತ್ರ ಅದ. ಅದು ಹಿಂದ ಮುಂದಿನ ಜಾಗಾ ತಗೀತದ, ನಡುವ ಎರಡ್ಮೂರು ಜಾಗಾ ಇದ್ರ ಒಂದ ಉಳಸ್ತದ. ಆದ್ರ ವೆಬ್ ಪುಟದಿಂದ ಎತ್ತಿ ಅಂಟಿಸಿದ್ದರಾಗ ಒಂದು ಬ್ಯಾರೆ ಜಾತಿ ಜಾಗಾ ಬಂದಿರ್ತದ, ಅದರ ಕೋಡು 160. ನೋಡ್ಲಿಕ್ಕೆ ಜಾಗಾದಂಗ ಇರ್ತದ, ಟ್ರಿಮ್ಮಿಗೆ ಬಗ್ಗೂದಿಲ್ಲ. ಎರಡು ಹೆಸರು ಕಣ್ಣಿಗೆ ಒಂದ ಕಂಡು ಕಂಪ್ಯೂಟರ್ ಮಾತ್ರ ಎರಡು ಅಂತ ಹಟಾ ಹಿಡದ್ರ, "ಲೆನ್" ಸೂತ್ರ ಹಾಕಿ ಅಕ್ಷರ ಎಣಿಸ್ರಿ. ಎಣಿಕಿ ಬ್ಯಾರೆ ಬಂದ್ರ ಎಲ್ಲೋ ಒಂದು ಕಾಣದ ವಸ್ತು ಕೂತದ ಅಂತ ಅರ್ಥ.

ಕನ್ನಡದಾಗ ಇನ್ನೊಂದು ಮೋಸ ಅದ, ಇದು ಇಂಗ್ಲಿಷಿನವರಿಗೆ ಗೊತ್ತ ಇರೂದಿಲ್ಲ. ಸುಮಂಗಲಾ ಅಂತ ಬರೀಲಿಕ್ಕೆ ಅನುಸ್ವಾರ ಬೇಕು. ಭಾಳ ಮಂದಿ ಅನುಸ್ವಾರದ ಬದ್ಲಿ ಕನ್ನಡದ ಸೊನ್ನೆ ಅಂಕಿ ಒತ್ತಿರ್ತಾರ. ಸುಮ೦ಗಲಾ, ಸುಮಂಗಲಾ. ನೋಡ್ರಿ ಮತ್ತ, ನಿಮಗರ ಏನರ ಫರಕು ಕಾಣ್ತದೇನು? ಕಂಪ್ಯೂಟರಿಗೆ ಒಂದರಾಗ ಅಕ್ಷರ ಅದ, ಒಂದರಾಗ ಅಂಕಿ ಅದ. ಆಕಿಗೆ ಇದು ಇಬ್ಬರು ಸುಮಂಗಲಾ. ಇಲ್ಲಿ ಲೆನ್ ಹಾಕಿದ್ರೂ ಎಣಿಕಿ ಒಂದ ಬರ್ತದ, ಅದಕ್ಕ ಹೆಸರಿನ ಕಾಲಮ್ಮಿನಾಗ ಸೊನ್ನೆ ಹುಡುಕಿ ಅನುಸ್ವಾರ ಮಾಡೂದ ದಾರಿ. ಬರೇ ಹೆಸರಿನ ಕಾಲಮ್ ಆರಿಸಿಕೊಂಡು ಮಾಡ್ರಿ ಮತ್ತ. ರೊಕ್ಕದ ಕಾಲಮ್ಮಿನಾಗ ಕನ್ನಡ ಅಂಕಿ ಇದ್ದು ಅಲ್ಲೂ ಸೊನ್ನೆ ಹೋದ್ರ ದೇವರ ಗತಿ. ಇನ್ನ ಹಳೇ ನುಡಿ, ಬರಹ ಫಾಂಟಿನಾಗ ಹೊಡದ ಕಡತ ಇದ್ರ, ಅದರ ಹೊಟ್ಟ್ಯಾಗ ಇರೂದು ಇಂಗ್ಲಿಷ್ ಕೀಲಿಗಳು, ಮ್ಯಾಲೆ ಕನ್ನಡದ ವೇಷ. ಅದನ್ನ ಯೂನಿಕೋಡಿಗೆ ಬದಲಿ ಮಾಡ್ಕೊಳ್ಳದ ಹೊಸಾ ಹೆಸರಿನ ಜೋಡಿ ಹೋಲಿಸ್ಲಿಕ್ಕೆ ಬರೂದಿಲ್ಲ.

ಈಗ ಕೇರೂ ಪಾಳಿ. ಹೆಸರಿನ ಮುಂದಿನ ಸೌ., ಶ್ರೀಮತಿ, ಕುಮಾರಿ, ಡಾ. ಇವೆಲ್ಲಾ ತಗದು ಬ್ಯಾರೆ ಕಾಲಮ್ಮಿಗೆ ಹಾಕಬೇಕು. ಇಲ್ಲಿ ಜ್ವಾಕಿ. ಒಬ್ಬ ಹುಡುಗ ಚುಕ್ಕಿ ಮರತು ಬರೇ "ಸೌ" ಅಂತ ಹಾಕಿ ಎಲ್ಲಾ ಕಡೆ ಅಳಿಸ್ಲಿಕ್ಕೆ ಹೊಂಟಿದ್ದ. ಹಂಗ ಮಾಡಿದ್ರ ಸೌಭಾಗ್ಯ ಹೋಗಿ ಬರೇ ಭಾಗ್ಯ ಉಳೀತಾಳ, ಸೌಮ್ಯಾ ಹೋಗಿ ಮ್ಯಾ ಅಂತ ಕುರಿಮರಿ ಒದರ್ತದ. ಚುಕ್ಕಿ ಸಮೇತ ಹುಡುಕಬೇಕು. "ಬಾಯಿ" ತಗೀತೀನಿ ಅನ್ನೂದು ಇನ್ನೂ ಅಪಾಯ. ಕೆಲವರಿಗೆ ಬಾಯಿ ಅನ್ನೂದು ಮರ್ಯಾದಿಗೆ ಹಚ್ಚಿದ್ದು, ಕೆಲವರಿಗೆ ಅದು ಹೆಸರಿನ ಹೊಟ್ಟಿಯೊಳಗಿಂದ. ಗಂಗೂಬಾಯಿ ಹಾನಗಲ್ ಅವರನ್ನ ಗಂಗೂ ಹಾನಗಲ್ ಮಾಡ್ಲಿಕ್ಕೆ ಆಗ್ತದೇನ್ರಿ?

ಇಷ್ಟಾದ ಮ್ಯಾಲೆ "ಯುನಿಕ್" ಅನ್ನೋ ಸೂತ್ರ. ಅದು ಕಾಲಮ್ಮಿನಾಗಿನ ಹೆಸರು ಒಂದೊಂದ ಸಲ ಬ್ಯಾರೆ ಕಡೆ ಬರದು ಕೊಡ್ತದ. ಹೆಸರು ಒಡದು ನಾಲ್ಕು ಕಾಲಮ್ ಆಗಿದ್ರ ಮೊದಲ ಎಲ್ಲಾ ಒಂದ ಕಾಲಮ್ಮಿನಾಗ ಕೆಳಕೆಳಗ ತಂದುಕೊಳ್ರಿ. "ಸಾರ್ಟ್" ಜೋಡಿ ಹಾಕಿದ್ರ ಅಕ್ಷರ ಕ್ರಮದಾಗ ಬರ್ತಾವ, ಶಾಂತಾ ಪಾಟೀಲ, ಶಾಂತಾಬಾಯಿ ಪಾಟೀಲ ಒಬ್ಬರ ಬಾಜೂಕೊಬ್ಬರು ಬಂದು ಕೂಡ್ತಾರ, ಕಣ್ಣಿಗೆ ಲಗೂನ ಸಿಗ್ತಾರ. ಗೂಗಲ್ ಶೀಟ್ಸ್‌ನಾಗ ಯುನಿಕ್ ಅದ, 2021ರ ಎಕ್ಸೆಲ್‌ನಾಗೂ ಅದ. ಅದಕ್ಕಿಂತ ಹಳೇ ಎಕ್ಸೆಲ್ ಇದ್ದವರು ಪಿವಟ್ ಟೇಬಲ್ ಮಾಡ್ಕೋಬಹುದು, ಅಲ್ಲೂ ಹೆಸರು ಒಂದ ಸಲ ಬರ್ತದ, ಬಾಜೂಕ ರೊಕ್ಕದ ಒಟ್ಟೂ ಬರ್ತದ.

ಆದ್ರ "ರಿಮೂವ್ ಡೂಪ್ಲಿಕೇಟ್ಸ್" ಅನ್ನೋ ಗುಂಡಿ ಬ್ಯಾರೆ, ಯುನಿಕ್ ಬ್ಯಾರೆ. ಯುನಿಕ್ ಮೂಲಕ್ಕ ಕೈ ಹಚ್ಚೂದಿಲ್ಲ. ಈ ಗುಂಡಿ ಮಾತ್ರ ಮೊದಲಿನ ಸಾಲು ಉಳಿಸಿ, ಉಳಿದ ಸಾಲು ಅಳಿಸಿ ಒಗೀತದ. ಪೂರಾ ಪಟ್ಟಿ ಹಿಡದು, ಹೆಸರಿನ ಕಾಲಮ್ಮಿಗೆ ಅಷ್ಟ ಗುರುತು ಹಾಕಿ ಒತ್ತಿದ್ರೋ, ಒಬ್ಬಾಕಿ ಹತ್ತು ವರ್ಷ ಹಾಕಿದ ರೊಕ್ಕದಾಗ ಮೊದಲ ವರ್ಷದ ಐವತ್ತು ರೂಪಾಯಿ ಉಳೀತದ, ಉಳಿದ ಒಂಬತ್ತು ವರ್ಷದ್ದು ಹೆಸರಿನ ಜೋಡಿ ಹೋಗ್ತದ. ಹೆಸರು ಎರಡು ಸಲ ಬಂದದ್ದು ತಪ್ಪಲ್ಲ, ಆಕಿ ಎರಡು ಸಲ ರೊಕ್ಕ ಕೊಟ್ಟಾಳ ಅಂತ ಬಂದದ. ಇದನ್ನ ಒಂದು ಸಲ ತಲ್ಯಾಗ ಇಟ್ಕೊಂಡ್ರ ಆ ಗುಂಡಿ ಕಡೆ ಕೈ ಹೋಗೂದಿಲ್ಲ.

ಇಲ್ಲೀತನಕ ಯಾರದೂ ತಕರಾರಿಲ್ಲ. ತಕರಾರು ಮುಂದದ. ಯುನಿಕ್ ಕೊಟ್ಟ ಪಟ್ಟಿ ನೋಡಿ ನಮ್ಮ ಮಂಡಳದಾಗ ಕೆಲವರು "ಇನ್ನ ಸಾಕು, ಒಂದ ಥರಾ ಕಾಣೂ ಹೆಸರೆಲ್ಲಾ ಕೂಡಿಸಿ, ಎಷ್ಟು ಮಂದಿ ಉಳೀತಾರೋ ಅಷ್ಟು ಸಮಪಾಲು ಮಾಡಿಬಿಡೋಣ" ಅಂದ್ರು. ನಂದು ಇದಕ್ಕ ವಿರೋಧ ಅದ, ಮತ್ತ ಅದನ್ನ ಕಾರಣ ಸಮೇತ ಹೇಳ್ತೀನಿ.

ಒಂದನೇ ಕಾರಣ, ಅಕ್ಷರ ಬ್ಯಾರೆ ಇದ್ರೂ ಮನಶ್ಯಾ ಒಬ್ಬರ ಇರಬಹುದು. ನಮ್ಮ ಧಾರವಾಡದ ದ.ರಾ. ಬೇಂದ್ರೆ ಅವರನ್ನ ತಗೊಳ್ರಿ. ಒಂದು ಕಡೆ ದ.ರಾ. ಬೇಂದ್ರೆ, ಒಂದು ಕಡೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಒಂದು ಕಡೆ ಅಂಬಿಕಾತನಯದತ್ತ. ಕಂಪ್ಯೂಟರ್ ಮೂರು ಮಂದಿ ಅಂತ ಎಣಸ್ತದ. ತ್ರಿವೇಣಿ ಅವರ ಕಾದಂಬರಿ ನಾವೆಲ್ಲಾ ಓದೀವಿ, ಅವರ ಹೆಸರು ಅನಸೂಯಾ ಶಂಕರ. ತ್ರಿವೇಣಿ, ಅನಸೂಯಾ, ಎರಡೂ ಹೆಸರು ಹೋಲಿಸಿ ನೋಡಿದ್ರ ಒಬ್ಬರ ಅಂತ ಯಾರಿಗರ ಅನಸ್ತದೇನು? ಶಿಗ್ಗಾಂವಿಯಾಗ ಹುಟ್ಟಿದ ಸುಧಾ ಕುಲಕರ್ಣಿ ಅವರ ಮುಂದ ಸುಧಾ ಮೂರ್ತಿ ಆದ್ರು. ಇಂಗ್ಲಿಷಿನಾಗ ಅವರು ಮೂರ್ತಿ ಬರೀಲಿಕ್ಕೆ ಎಚ್ ಅಕ್ಷರ ಹಾಕೂದಿಲ್ಲ, ಅವರ ಯಜಮಾನರು ನಾರಾಯಣ ಮೂರ್ತಿ ಹಾಕ್ತಾರ. ಗಂಡ-ಹೆಂಡತಿ ಒಂದ ಮನ್ಯಾಗ ಇದ್ದು ಒಂದ ಅಡ್ಡಹೆಸರು ಎರಡು ಥರಾ ಬರೀತಾರ, ಅದು ಅವರ ಹಕ್ಕು. ಅದನ್ನ ತಿದ್ದಿ ಒಂದ ಮಾಡ್ಲಿಕ್ಕೆ ನಾವ್ಯಾರು?

ದೊಡ್ಡವರ ಮಾತು ಬಿಡ್ರಿ, ನಮ್ಮದ ನೋಡ್ಕೊಳ್ರಿ. ನಮ್ಮ ಕಡೆ ಎಷ್ಟೋ ಮನಿತನದಾಗ ಲಗ್ನದ ದಿನ ಅಕ್ಕಿ ತುಂಬಿದ ತಾಟಿನಾಗ ಉಂಗುರಲೆ ಹೊಸಾ ಹೆಸರು ಬರಸ್ತಾರ. ತವರುಮನ್ಯಾಗ ಪದ್ಮಾ ಆದಾಕಿ ಅತ್ತಿಮನ್ಯಾಗ ಲಕ್ಷ್ಮೀಬಾಯಿ ಆಗ್ತಾಳ. ಸಾಲಿ ಸರ್ಟಿಫಿಕೇಟಿನಾಗ ಪದ್ಮಾ, ರೇಷನ್ ಕಾರ್ಡಿನಾಗ ಲಕ್ಷ್ಮೀ, ಓಣ್ಯಾಗ ಲಕ್ಷ್ಮಿ ಕಾಕು, ತಮ್ಮಗ ಮಾತ್ರ ಇನ್ನೂ ಪದ್ದಕ್ಕ. 2023ರಾಗ ಗೃಹಲಕ್ಷ್ಮಿ ಯೋಜನಾ ಬಂತು, ಮನಿ ಯಜಮಾನಿಗೆ ತಿಂಗಳಾ 2000 ರೂಪಾಯಿ. ಆವಾಗ ರೇಷನ್ ಕಾರ್ಡು, ಆಧಾರ, ಬ್ಯಾಂಕಿನ ಪಾಸಬುಕ್ಕು ಎದುರಿಗೆ ಇಟ್ಕೊಂಡು ಹೆಸರು ತಾಳೆ ಆಗ್ತದೋ ಇಲ್ಲೋ ಅಂತ ಎಷ್ಟು ಮಂದಿ ನೋಡ್ಕೊಂಡಿಲ್ಲ? ಗಂಡಸರ ಹೆಸರು ಹುಟ್ಟಿದಾಗಿನದ ಕಡೀತನಕ. ಈ ತ್ರಾಸು ಹೆಚ್ಚ ನಮಗ.

ಎರಡನೇ ಕಾರಣ ಇದರ ಉಲ್ಟಾ. ಅಕ್ಷರ ಒಂದ ಇದ್ರೂ ಮನಶ್ಯಾರು ಇಬ್ಬರು ಇರಬಹುದು. ಪಾಟೀಲರು ಯಾವ ಊರಾಗ ಇಲ್ಲ ಹೇಳ್ರಿ? ಶಾಂತಾ ಅನ್ನೋ ಹೆಸರು ಯಾವ ಓಣ್ಯಾಗ ಇಲ್ಲ? ಮೂಲಿಮನಿ ಶಾಂತಾ ಪಾಟೀಲರು ಒಬ್ಬರು, ಗಿರಣಿ ಹಿಂದಿನ ಶಾಂತಾ ಪಾಟೀಲರು ಒಬ್ಬರು ಇರಬಹುದು. ಹೆಸರು ತಾಳೆ ಆತಂತ ಇಬ್ಬರ ಸಾಲೂ ಒಂದರಾಗ ಹೋಗ್ತಾವ. ಈಗ ಹೋಲಿಕಿ ನೋಡಿ ಕೂಡಿಸೂ ವ್ಯವಸ್ಥಾನೂ ಬಂದದ, ಎಕ್ಸೆಲ್ಲಿನ ಪವರ್ ಕ್ವೆರಿಯಾಗ ಎಷ್ಟು ಹೋಲಿಕಿ ಇದ್ರ ಒಂದ ಅನ್ನಬೇಕು ಅಂತ ನಾವ ಅಳತಿ ಕೊಡಬಹುದು ಅಂತ ಸೊಸಿ ತೋರಿಸಿದ್ಲು. ಚೊಲೊ ಅದ, ಅನುಮಾನದ ಜೋಡಿ ಹುಡುಕಿ ಕೊಡ್ತದ. ಆದ್ರ ಅಳತಿ ಸಡಿಲ ಮಾಡಿದ್ರ ವಿಮಲಾ ಕುಲಕರ್ಣಿ, ಕಮಲಾ ಕುಲಕರ್ಣಿ ಒಂದಾಗ್ತಾರ. ಬಿಗಿ ಮಾಡಿದ್ರ ಪದ್ಮಾ, ಲಕ್ಷ್ಮೀಬಾಯಿ ಎಂದೂ ಕೂಡೂದಿಲ್ಲ. ಅದು ಅಳೆಯೂದು ಅಕ್ಷರ. ನಮಗ ಬೇಕಾದದ್ದು ಮನಶ್ಯಾರು.

ಮೂರನೇ ಕಾರಣ ರೊಕ್ಕದ್ದು, ಅದನ್ನ ಅಂಕಿ ಹಾಕಿನ ಹೇಳ್ತೀನಿ. ಫಂಡಿನಾಗ 12000 ರೂಪಾಯಿ ಅದ, ಖರೆ ಮಂದಿ 40 ಅಂತ ತಿಳ್ಕೊಳ್ರಿ. ಸಮಪಾಲು ಮಾಡಿದ್ರ ಒಬ್ಬೊಬ್ಬರಿಗೆ 300. ಈಗ ಒಬ್ಬಾಕಿ ಹೆಸರು ತಪ್ಪಿ ಎರಡು ಸಲ ಉಳೀತು ಅನ್ರಿ, 41 ಪಾಲಾತು, ಒಬ್ಬೊಬ್ಬರಿಗೆ 293ರ ಹತ್ತಿರ. ಎಲ್ಲಾರಿಗೂ ಏಳೇಳು ರೂಪಾಯಿ ಕಡಿಮಿ ಬಂತು, ಆಕಿ ಕೈಗೆ ಎರಡು ಪಾಕೀಟು ಹೋತು. ಆಕಿಗೆ ಗೊತ್ತಾಗ್ತದ, "ಅಯ್ಯ, ನಂಗ ಎರಡ್ಯಾಕ ಕೊಟ್ರಿ" ಅಂತ ಒಂದು ಹೊಳ್ಳಿ ಕೊಡ್ತಾಳ. ಈಗ ಉಲ್ಟಾ ಮಾಡ್ರಿ. ಇಬ್ಬರು ಶಾಂತಾರನ್ನ ಒಬ್ಬಾಕಿ ಮಾಡಿದ್ವಿ, 39 ಪಾಲಾತು, ಒಬ್ಬೊಬ್ಬರಿಗೆ 307ರ ಮ್ಯಾಲೆ. ಎಲ್ಲಾರಿಗೂ ಏಳೇಳು ರೂಪಾಯಿ ಹೆಚ್ಚ ಬಂತು, ಒಬ್ಬಾಕಿ 300 ಪೂರಾ ಹೋತು. ಹೆಚ್ಚ ಬಂದವರು ಯಾರೂ ಕೇಳೂದಿಲ್ಲ. ಹೋದಾಕಿಗೆ ಗೊತ್ತ ಇಲ್ಲ. ಗೊತ್ತಾದ್ರೂ ಮುನ್ನೂರು ರೂಪಾಯಿ ಸಲುವಾಗಿ ಓಣ್ಯಾಗ ಬಾಯಿ ಮಾಡ್ಲಿಕ್ಕೆ ನಾಚ್ತಾಳ.

ಅದಕ್ಕ ನಾ ಅನ್ನೂದು, ಒಬ್ಬರನ್ನ ಎರಡು ಸಲ ಎಣಿಸೂದು, ಇಬ್ಬರನ್ನ ಒಂದ ಸಲ ಎಣಿಸೂದು, ಇವೆರಡೂ ಸಮ ತಪ್ಪಲ್ಲ. ಮೊದಲನೇದು ತಾನ ಬೆಳಕಿಗೆ ಬರ್ತದ. ಎರಡನೇದು ಬರೂದಿಲ್ಲ. ಅನುಮಾನ ಇದ್ದಲ್ಲಿ ಎರಡೂ ಹೆಸರು ಉಳಿಸ್ರಿ. ಮತ್ತ ರೊಕ್ಕ ಸಮಪಾಲು ಬ್ಯಾಡ, ಹಾಕಿದ ಪ್ರಕಾರ ಕೊಡೋಣು. "ಸಮ್‌ಇಫ್" ಸೂತ್ರಲೆ ಹೆಸರಿಗೆ ಎಷ್ಟು ಒಟ್ಟಾತು ಅಂತ ಬರ್ತದ. ಹಂಗ ಮಾಡಿದ್ರ ಒಬ್ಬಾಕಿ ಹೆಸರು ಎರಡಾಗಿ ಉಳದ್ರೂ ಯಾರ ಗಂಟೂ ಹೋಗೂದಿಲ್ಲ, ಆಕಿದ 500 ಒಂದು ಪಾಕೀಟಿನಾಗ ಬರೂ ಬದ್ಲಿ 200, 300 ಅಂತ ಎರಡರಾಗ ಬರ್ತದ, ಅಷ್ಟ.

ಎದುರಿನವರ ಮಾತಿನಾಗೂ ಸತ್ಯ ಇಲ್ಲಂತಲ್ಲ. "ಮುನ್ನೂರು ಸಾಲು ಕೂತು ಕೇಳ್ಲಿಕ್ಕೆ ಯಾರಿಗೆ ವ್ಯಾಳ್ಯಾ ಅದ" ಅಂತಾರ. ಮುನ್ನೂರೂ ಕೇಳೂದು ಬ್ಯಾಡ. ಸಾಣಗಿ, ಮರ ಎರಡೂ ಆದ ಮ್ಯಾಲೆ ಅನುಮಾನದ ಹೆಸರು ಉಳ್ಯೂದು ಒಂದು ಹಿಡಿ. ಅಷ್ಟ ಕೇಳೂದು. "ಪಟ್ಟಿ ಸಡಿಲ ಬಿಟ್ರ ಒಬ್ಬರ ಎರಡು ಪಾಳಿ ಭಿಶಿ ಎತ್ತತಾರ" ಅಂತಾರ. ಹೌದು, ಭಿಶ್ಯಾಗ, ಓಟಿನಾಗ ಒಬ್ಬರು ಇಬ್ಬರಾಗಬಾರದು, ಅಲ್ಲಿ ಎರಡು ಸಲ ಬಂದದ್ದೂ ದೊಡ್ಡ ತಪ್ಪ. ಆದ್ರ ಅದಕ್ಕೂ ಔಷಧ ಕೇಳೂದ, ಕೇಳದ ಅಳಿಸೂದಲ್ಲ.

ಅಳಿಸಿದ್ರ ಏನಾಗ್ತದ ಅನ್ನೂದಕ್ಕ ದೇಶದ ಮಟ್ಟದ ಉದಾಹರಣಿನ ಅದ. 1951-52ರಾಗ ನಮ್ಮ ದೇಶದ ಮೊದಲನೇ ಮಹಾಚುನಾವಣಿ ಆತು. ಸುಕುಮಾರ ಸೇನ್ ಅವರು ಮುಖ್ಯ ಚುನಾವಣಾ ಆಯುಕ್ತರಿದ್ರು. ಓಟರ್ ಪಟ್ಟಿ ಬರೀಲಿಕ್ಕೆ ಹೋದ್ರ ಭಾಳ ಹೆಣ್ಣಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತನ ಬರಸಿದ್ರು. ಹೊರಗಿನ ಗಂಡಸರ ಮುಂದ ಹೆಸರು ಹೇಳಬಾರದು ಅನ್ನೂ ಕಾಲ ಅದು. ಆಯೋಗ ಸ್ವಂತ ಹೆಸರು ಬೇಕಂತು. ದೇಶದಾಗ ಹೆಣ್ಣು ಮತದಾರರು ಸುಮಾರು 8 ಕೋಟಿ, ಅದರಾಗ ಹತ್ತಿರ ಹತ್ತಿರ 28 ಲಕ್ಷ ಮಂದಿ ನಮೂದು ಪಟ್ಟಿಯಿಂದ ತಗದುಹಾಕಬೇಕಾತು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯ ಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶದ ಕಡೆಯವರು. ಹೆಂಗಸಿಗೆ ತಂದ ಹೆಸರು ಇರಬೇಕು ಅನ್ನೋ ಆಯೋಗದ ನಿಯಮ ಸರಿನ ಇತ್ತು. ಆದ್ರ ಬರಸೂವಾಗ ಆದ ಕೊರತಿಗೆ ಓಟು ಕಳಕೊಂಡವರು ಯಾರು? ಆ ಹೆಣ್ಣಮಕ್ಕಳು.

ಈಗ ನಮ್ಮ ವಹ್ಯಾಗ "ಡಾಕ್ಟರ ಮನಿಯವರು" ಅಂತ ಬರದದ್ದು ನೆನಸ್ಕೊಳ್ರಿ. ಅಷ್ಟು ವರ್ಷ ಆದ ಮ್ಯಾಲೂ ನಾವ, ಹೆಣ್ಣಮಕ್ಕಳ, ಹೆಣ್ಣಮಕ್ಕಳದ ಲೆಕ್ಕದಾಗ ಹಿಂಗ ಬರದೀವಿ. ಒಡಪಿನಾಗ ಯಜಮಾನರ ಹೆಸರು ಹೆಂಗ ಜೋಡಿಸಿ, ಪ್ರಾಸ ಕೂಡಿಸಿ ಹೇಳ್ತೀವಿ. ನಮ್ಮ ಹೆಸರು ಹೇಳೂ ಪ್ರಸಂಗ ಬಂದ್ರ "ಅದೇನ ಬಿಡ್ರಿ, ಜೋಶಿಯವರ ಮನಿ ಅಂತ ಬರೀರಿ" ಅಂತೀವಿ. ಆ ಡಾಕ್ಟರರ ಮನ್ಯಾಗ ಅತ್ತಿ ಇದ್ದಾರ, ಸೊಸಿ ಇದ್ದಾಳ. ಆ ವರ್ಷ ರೊಕ್ಕ ಕೊಟ್ಟವರು ಯಾರು? ಸೂತ್ರಕ್ಕ ಗೊತ್ತಿಲ್ಲ. ವಹಿ ಬರದವರಿಗೆ, ಕೊಟ್ಟವರಿಗೆ ಅಷ್ಟ ಗೊತ್ತು. ಅವರು ಇರೂದರೊಳಗ ಕೇಳಬೇಕು. ವಯಸ್ಸಾದವರಿದ್ದಾರ, ಮಕ್ಕಳ ಹತ್ರ ಬೆಂಗಳೂರಿಗೆ, ಪುಣೆಕ್ಕ ಹೋದವರಿದ್ದಾರ. ಒಂದು ಫೋನಿನ ಕೆಲಸ.

ಹಂಗಾದ್ರ ಏನು ಮಾಡಬೇಕು ಅಂತೀರಿ? ನಾ ಹೇಳೂದು ಹಿಂಗ. ಒಂದು ತಾಳೆ ಪಟ್ಟಿ ಮಾಡೋಣು, ಮೂರ ಕಾಲಮ್. ಮೊದಲನೇದರಾಗ ವಹ್ಯಾಗ ಬರದ ಹಂಗ ಹೆಸರು. ಎರಡನೇದರಾಗ ಆಕಿ ಸರಿ ಹೆಸರು. ಮೂರನೇದರಾಗ ಇದು ಇಂಥವರ ಅಂತ ಯಾರು ಹೇಳಿದ್ರು. ಆ ಮೂರನೇ ಕಾಲಮ್ ಭಾಳ ಮುಖ್ಯ. "ನಂಗ ಅನಿಸ್ತು" ಅಂತ ಯಾರೂ ಇಬ್ಬರನ್ನ ಕೂಡಿಸೂ ಹಂಗಿಲ್ಲ. ಒಂದ ಥರಾ ಬರದ ಇಬ್ಬರಿದ್ರ ಮೊದಲನೇ ಕಾಲಮ್ಮಿನಾಗ ವರ್ಷನೂ ಕೂಡಿಸಿ ಬರೀಬೇಕು, ಇಲ್ಲಾಂದ್ರ ಇಬ್ಬರಿಗೂ ಒಂದ ಉತ್ತರ ಬರ್ತದ. ಈ ಪಟ್ಟಿ ಆದ್ರ "ವಿಲುಕಪ್" ಸೂತ್ರಲೆ ಮುನ್ನೂರು ಸಾಲಿಗೂ ಸರಿ ಹೆಸರು ತಾನ ಬಂದು ಕೂಡ್ತದ. ಸೂತ್ರದ ಕಡೀಕ ತಾಳೆ ಪೂರಾ ಆಗಬೇಕು ಅಂತ "ಫಾಲ್ಸ್" ಹಾಕೂದು ಮಾತ್ರ ಬಿಡಬ್ಯಾಡ್ರಿ, ಬಿಟ್ರ ಅದು ಹತ್ತಿರದ ಯಾರನ್ನರ ತಂದು ಕೂಡಸ್ತದ.

ಇನ್ನ ಮುಂದಿನ ಲೆಕ್ಕಕ್ಕ. ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಡೋಣು. ಹೆಸರು ಬದಲಾಗ್ತದ, ಮನಿ ಬದಲಾಗ್ತದ, ನಂಬರು ಬದಲಾಗೂದಿಲ್ಲ. ಹೆಸರು ಹೆಂಗ ಬರೀಬೇಕು ಅಂತ ಆಕಿನ್ನ ಕೇಳಿ ಆಕಿ ಹೇಳಿದಂಗ ಬರೀಬೇಕು, ಪದ್ಮಾ ಅಂದ್ರ ಪದ್ಮಾ, ಲಕ್ಷ್ಮೀಬಾಯಿ ಅಂದ್ರ ಲಕ್ಷ್ಮೀಬಾಯಿ. ಉಳಿದ ಹೆಸರು ಬಾಜೂಕ "ಇನ್ನೊಂದು ಹೆಸರು" ಅನ್ನೋ ಕಾಲಮ್ಮಿನಾಗ ಇರ್ಲಿ. "ಮನಿಯವರು", "ಸೊಸಿ", "ವೈನಿ" ಅಂತ ಹೆಸರಿನ ಖಾನ್ಯಾಗ ಬರ್ಯೂದು ಬಂದ್. ಒಂದ ಖಾನ್ಯಾಗ ಒಂದ ಹೆಸರು. ಫೋನ್ ನಂಬರಿನ ಶೀಟು ಖಜಾಂಚಿ ಹತ್ರ ಅಷ್ಟ ಇರ್ಲಿ, ಎಲ್ಲಾ ಗ್ರೂಪಿಗೂ ಹಾರಿ ಬಿಡೂದು ಬ್ಯಾಡ. ಆಧಾರ ನಂಬರು ಈ ಸಣ್ಣ ಲೆಕ್ಕಕ್ಕ ಯಾರೂ ಕೇಳೂದೂ ಬ್ಯಾಡ, ಕೊಡೂದೂ ಬ್ಯಾಡ.

ಕಡೀಕ ನಿಮಗೊಂದು ಕೆಲಸ ಹಚ್ತೀನಿ. ಇವತ್ತ ಮಧ್ಯಾಹ್ನ ಚಹಾ ಕುಡೀವಾಗ ಒಂದು ಹಾಳಿ ತಗೊಂಡು ನಿಮ್ಮ ನಿಮ್ಮ ಹೆಸರೆಲ್ಲಾ ಬರೀರಿ. ತವರಿನದು, ಲಗ್ನದಾಗ ಇಟ್ಟದ್ದು, ಕಾರ್ಡಿನಾಗಿಂದು, ಓಣ್ಯಾಗ ಕರ್ಯೂದು. ಅದರಾಗ ನಿಮಗ ಯಾವುದು ಬೇಕೋ ಅದರ ಕೆಳಗ ಒಂದು ಗೆರಿ ಎಳೀರಿ. ನಮ್ಮ ಫಂಡಿನವರು ಆ ಹಾಳಿ ನಂಗ ಮುಟ್ಟಿಸ್ರಿ, ತಾಳೆ ಪಟ್ಟಿಗೆ ಅದ ಆಧಾರ. ಉಳಿದವರು ನಿಮ್ಮ ನಿಮ್ಮ ಭಿಶಿ, ಮಂಡಳದ ಶೀಟಿನಾಗ ನೀವು ಎಷ್ಟು ಮಂದಿ ಆಗಿ ಕೂತೀರಿ, ಇಲ್ಲಾ ಯಾರ ಹೆಸರಿನ ಕೆಳಗ ಹೋಗೀರಿ ಅಂತ ಒಮ್ಮೆ ತಗದು ನೋಡ್ರಿ.